ಹೊಸ ಉದ್ದಗಾಲು ನೊಣದ ದೇಹರಚನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಉದ್ದಗಾಲು ನೊಣ ಎಂದರೆ ಯಾವುದು?

ಎಲೆಯ ಮೇಲೆ ಮುಂಗಾಲೆತ್ತಿ ನಿಂತು, ಮಿಂಚಿದಂತೆ ಅಕ್ಕಪಕ್ಕಕ್ಕೆ ಸರಿಯುವ ಪುಟ್ಟ ಹಸಿರು ನೊಣವನ್ನು ನೀವು ನೋಡಿಯೇ ಇರುತ್ತೀರಿ. ಅದು ಡೋಲಿಕೋಪೋಡಿಡೇ ಕುಟುಂಬದ್ದು. ಗ್ರೀಕ್‌ನಲ್ಲಿ ‘ಡೋಲಿಕೋಸ್’ ಎಂದರೆ ಉದ್ದ, ‘ಪೌಸ್’ ಎಂದರೆ ಪಾದ. ಇದುವರೆಗೆ ವಿವರಿಸಲಾದ ಪ್ರಭೇದಗಳು 7,000ಕ್ಕೂ ಹೆಚ್ಚು. ಹೆಚ್ಚಿನವು 1ರಿಂದ 9 ಮಿಲಿಮೀಟರ್ ಉದ್ದದವು. ದೊಡ್ಡವಾದ ಮೇಲೆ ಇವು ಬೇಟೆಗಾರ ನೊಣಗಳು. ಮೆತ್ತನೆಯ ಮೈಯ ಸಣ್ಣ ಕೀಟಗಳು, ಹುಳುಗಳು ಇವುಗಳ ಆಹಾರ. ಬಾಲ್ಟಿಕ್ ಅಂಬರಿನಲ್ಲಿ (ಕಲ್ಲಾದ ಮರದ ಅಂಟಿನಲ್ಲಿ) ಸಿಕ್ಕಿಬಿದ್ದ ನೊಣಗಳಲ್ಲಿ ಈ ಕುಟುಂಬದವು ಬಹಳ ಹೆಚ್ಚು, ಹಾಗಾಗಿ ಕೋಟ್ಯಂತರ ವರ್ಷಗಳ ಹಿಂದಿನ ದೇಹರಚನೆಯೂ ನೋಡಲು ಸಿಗುತ್ತದೆ.

ನನ್ನ ಬಳಿ ಇರುವ ನೊಣ ಈ ಕುಟುಂಬದ್ದೇ ಎಂದು ಖಚಿತ ಮಾಡಿಕೊಳ್ಳುವುದು ಹೇಗೆ?

ಕಾಲಿನ ಉದ್ದವನ್ನಲ್ಲ, ರೆಕ್ಕೆಯನ್ನು ನೋಡಿ. ಉದ್ದ ಕಾಲಿನ ನೊಣಗಳು ಬೇರೆ ಕುಟುಂಬಗಳಲ್ಲೂ ಇವೆ, ಹೊಳೆಯುವ ಹಸಿರು ನೊಣಗಳೂ ಇವೆ. ರೆಕ್ಕೆಯಲ್ಲಿ ಮೂರು ಗುರುತುಗಳು ಒಟ್ಟಿಗೆ ಇರಬೇಕು. ಮೊದಲನೆಯದು, ಸಬ್‌ಕೋಸ್ಟಾ ನಾಳ ರೆಕ್ಕೆಯ ಅಂಚನ್ನು ಮುಟ್ಟದೆ ಪಕ್ಕದ ಮೊದಲ ರೇಡಿಯಲ್ ನಾಳದಲ್ಲಿ ಸೇರಿಹೋಗುತ್ತದೆ. ಎರಡನೆಯದು, ರೇಡಿಯಲ್ ಸೆಕ್ಟರ್ ನಾಳ ರೆಕ್ಕೆಯ ಬುಡದಲ್ಲೇ, ಹ್ಯೂಮರಲ್ ಅಡ್ಡನಾಳದ ಹತ್ತಿರದಲ್ಲೇ ಕವಲೊಡೆಯುತ್ತದೆ. ಮೂರನೆಯದು, ಬುಡದ ಮೀಡಿಯಲ್ ಕೋಶ (ಕೋಶ ಎಂದರೆ ನಾಳಗಳು ಸುತ್ತುವರಿದ ಜಾಗ) ಮತ್ತು ನಡುವಿನ ಡಿಸ್ಕಲ್ ಕೋಶದ ನಡುವೆ ಇರಬೇಕಾದ ಅಡ್ಡನಾಳ ಬಹುತೇಕ ಎಲ್ಲ ಉಪಕುಟುಂಬಗಳಲ್ಲೂ ಮಾಯವಾಗಿದೆ, ಎರಡೂ ಕೋಶಗಳು ಒಂದೇ ಉದ್ದನೆಯ ಕೋಶವಾಗಿವೆ. ಈ ಮೂರೂ ಕಂಡರೆ, ಅದು ಹೊಸ ಪ್ರಭೇದವೇ ಎಂದು ಪರೀಕ್ಷಿಸಿ ವಿವರಿಸಲು ಮುಂದೆ ಹೋಗಬಹುದು.

ಬಣ್ಣ ಹೊಸದಾಗಿ ಕಾಣುತ್ತಿದೆ. ಹೊಸ ಪ್ರಭೇದ ಎನ್ನಲು ಅದು ಸಾಲದೇ?

ಸಾಲದು. ಬಹಳ ಜನ ಎಡವುವುದು ಇಲ್ಲೇ. ಈ ಹಸಿರು, ನೀಲಿ, ತಾಮ್ರದ ಹೊಳಪು ಬಣ್ಣದ ಪದಾರ್ಥದಿಂದ ಬಂದದ್ದಲ್ಲ. ಮೈಹೊದಿಕೆಯ ತೆಳು ಪದರಗಳಲ್ಲಿ ಬೆಳಕು ಪ್ರತಿಫಲಿಸುವುದರಿಂದ ಬಂದದ್ದು. ನೋಡುವ ಕೋನ ಬದಲಾದರೆ ಹಸಿರು ನೀಲಿಯಾಗುತ್ತದೆ, ಆಲ್ಕೋಹಾಲಿನಲ್ಲಿ ಮುಳುಗಿಸಿದರೆ ಇನ್ನೊಂದಾಗುತ್ತದೆ. ಕಣ್ಣಿನ ಮೇಲಿನ ಕೆಂಪು-ಹಸಿರು ಮಿನುಗು ನೊಣ ಸತ್ತ ಸ್ವಲ್ಪ ಹೊತ್ತಿನಲ್ಲೇ ಮಾಸಿಹೋಗುತ್ತದೆ.

ಇನ್ನೊಂದು ಬಲೆ, ಆಗತಾನೇ ಪ್ಯೂಪಾ ಕೋಶದಿಂದ ಹೊರಬಂದ ನೊಣ. ಅದರ ಮೈ ಇನ್ನೂ ಗಟ್ಟಿಯಾಗಿರುವುದಿಲ್ಲ, ಕಾಲುಗಳು ತೆಳು ಹಳದಿ, ಒಣಗಿದಾಗ ಎದೆ ಕುಸಿದು ಸುಕ್ಕಾಗುತ್ತದೆ. ಇಂಥ ಮಾದರಿಯನ್ನು ‘ಹಳದಿ ಕಾಲಿನ ಹೊಸ ಪ್ರಭೇದ’ ಎಂದು ಭಾವಿಸುವುದು ತೀರಾ ಸುಲಭ. ಸುಕ್ಕು ಮತ್ತು ಮಸುಕು ಬಣ್ಣ ಒಟ್ಟಿಗೆ ಕಂಡರೆ ಆ ಮಾದರಿಯ ಬಣ್ಣವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ನಂಬಬಹುದಾದ ಬಣ್ಣಗಳೂ ಇವೆ: ತೊಡೆ, ಕಣಕಾಲುಗಳಲ್ಲಿ ಹಳದಿ ಎಲ್ಲಿ ಮುಗಿದು ಕಪ್ಪು ಎಲ್ಲಿ ಶುರುವಾಗುತ್ತದೆ, ಕಣ್ಣಿನ ಹಿಂದಿನ ಕೆಳಸಾಲಿನ ಕೂದಲು ಬಿಳಿಯೋ ಕಪ್ಪೋ, ರೆಕ್ಕೆಯ ಬುಡದ ಪುಟ್ಟ ಮಡಿಕೆಯಂಚಿನ ಕೂದಲು ಯಾವ ಬಣ್ಣದ್ದು. ಇವು ಮಾದರಿಯಿಂದ ಮಾದರಿಗೆ ಅಷ್ಟಾಗಿ ಬದಲಾಗುವುದಿಲ್ಲ.

ತಲೆಯಲ್ಲಿ ಏನೇನು ನೋಡಬೇಕು?

ಎದುರಿನಿಂದ ಮುಖದ ಅಗಲ ನೋಡಿ. ಎರಡು ಕಣ್ಣುಗಳ ನಡುವಿನ ಅಂತರವನ್ನು ಮೇಲ್ಗಡೆ ಹಣೆಯಲ್ಲಿ ಒಮ್ಮೆ, ಕುಡಿಮೀಸೆಯ ಕೆಳಗೆ ಮುಖದಲ್ಲಿ ಒಮ್ಮೆ ಅಳೆಯಿರಿ. ಗಂಡಿನ ಮುಖ ಸಾಮಾನ್ಯವಾಗಿ ಹೆಣ್ಣಿನದಕ್ಕಿಂತ ಕಿರಿದು. ಡಯಾಫೋರಸ್ ಕುಲದ ಅನೇಕ ಗಂಡುಗಳಲ್ಲಿ ಹಣೆಯ ಮೇಲೆ ಕಣ್ಣುಗಳು ಒಂದಕ್ಕೊಂದು ತಾಗಿಯೇ ಬಿಡುತ್ತವೆ. ಮುಖದ ಮೇಲಿನ ಬೆಳ್ಳಿಯಂಥ ಅಥವಾ ಬೂದು ಧೂಳಿನ ಹೊದಿಕೆಯನ್ನೂ ಬರೆದುಕೊಳ್ಳಿ. ಅದು ಒಣಗಿದ ಮಾದರಿಯಲ್ಲಿ ಮಾತ್ರ ಕಾಣುತ್ತದೆ.

ಕುಡಿಮೀಸೆ ಹೆಚ್ಚು ಸಮಯ ಕೇಳುವ ಭಾಗ. ಬುಡದಿಂದ ಸ್ಕೇಪ್, ಪೆಡಿಸೆಲ್, ಆಮೇಲೆ ದೊಡ್ಡದಾದ ಪೋಸ್ಟ್‌ಪೆಡಿಸೆಲ್, ಅದರಿಂದ ಹೊರಡುವ ಎರಡು ತುಂಡುಗಳ ಕೂದಲಿನಂಥ ಅರಿಸ್ಟಾ. ಅರಿಸ್ಟಾ ತುದಿಯಿಂದ ಹೊರಡುತ್ತದೆಯೋ, ಬೆನ್ನಿನ ಕಡೆಯಿಂದಲೋ? ಸ್ಕೇಪಿನ ಮೇಲ್ಭಾಗ ಬೋಳೋ, ಕೂದಲುಳ್ಳದ್ದೋ? ಡೋಲಿಕೋಪಸ್ ಕುಲದಲ್ಲಿ ಸ್ಕೇಪಿನ ಮೇಲೆ ಕೂದಲಿರುತ್ತದೆ. ಸಿಂಟಾರ್ಮನ್ ಕುಲದಲ್ಲಿ ಪೆಡಿಸೆಲ್‌ನಿಂದ ಹೆಬ್ಬೆರಳಿನಂಥ ಮೊಳಕೆಯೊಂದು ಪೋಸ್ಟ್‌ಪೆಡಿಸೆಲ್‌ನ ಒಳಬದಿಗೆ ಚಾಚಿರುತ್ತದೆ. ಅದು ಒಳಬದಿಯಲ್ಲಿ ಇರುವುದರಿಂದ ಹೊರಗಿನಿಂದ ಮಾತ್ರ ನೋಡಿದವರಿಗೆ ತಪ್ಪಿಹೋಗುತ್ತದೆ. ಎರಡೂ ಬದಿಯಿಂದ ನೋಡಿ.

ಬಾಯಿಯ ಭಾಗ ಗಿಡ್ಡ, ದಪ್ಪ. ಮೆತ್ತನೆಯ ಎರಡು ತುಟಿಗಳು ಬೇಟೆಯನ್ನು ಸುತ್ತಿ ಹಿಡಿಯುತ್ತವೆ, ಒಳಗಿರುವ ಗಟ್ಟಿ ಅಲಗುಗಳು ಅದರ ಚರ್ಮವನ್ನು ಹರಿಯುತ್ತವೆ. ಪ್ರಭೇದ ಗುರುತಿಸಲು ಇದು ಅಷ್ಟಾಗಿ ಬಳಕೆಯಾಗುವುದಿಲ್ಲ.

ಎದೆಯ ಮೇಲಿನ ಮುಳ್ಳುಕೂದಲುಗಳನ್ನು ಎಣಿಸಲೇಬೇಕೇ?

ಎಣಿಸಲೇಬೇಕು. ಎದೆಯ ಬೆನ್ನಿನಲ್ಲಿ ನಡುಗೆರೆಯ ಇಕ್ಕೆಲಗಳಲ್ಲಿ ಅಕ್ರೋಸ್ಟಿಕಲ್ ಎಂಬ ಸಣ್ಣ ಕೂದಲುಗಳಿವೆ. ಅವು ಎರಡು ಸಾಲೋ, ಒಂದೇ ಸಾಲೋ, ಇಲ್ಲವೇ ಇಲ್ಲವೋ ಎಂಬುದೇ ಒಂದು ಮುಖ್ಯ ಲಕ್ಷಣ. ಅದರ ಹೊರಗೆ ಡಾರ್ಸೋಸೆಂಟ್ರಲ್ ಎಂಬ ದೊಡ್ಡ ಮುಳ್ಳುಕೂದಲುಗಳ ಸಾಲು, ಒಂದು ಬದಿಗೆ ಸಾಮಾನ್ಯವಾಗಿ 4ರಿಂದ 6. ಸ್ಕುಟೆಲ್ಲಂ ಎಂಬ ಹಿಂದಿನ ತ್ರಿಕೋನದ ಮೇಲೆ ಒಂದು ಅಥವಾ ಎರಡು ಜೊತೆ. ಮುಂಗಾಲಿನ ಬುಡದ ಮೇಲ್ಗಡೆ ಇರುವ ಪುಟ್ಟ ಕೂದಲನ್ನು ಮರೆಯುವವರೇ ಹೆಚ್ಚು. ಅದನ್ನು ನೋಡಲು ಮಾದರಿಯನ್ನು ಓರೆ ಮಾಡಿ, ಬೆಳಕನ್ನು ಕೆಳಗಿನಿಂದ ಬಿಡಿ.

ಕೂದಲು ಉದುರಿಹೋಗಿದ್ದರೆ? ಅದು ನಿಂತಿದ್ದ ಕುಳಿ ಉಳಿದಿರುತ್ತದೆ, ಸುತ್ತ ಗಟ್ಟಿ ಉಂಗುರವಿರುವ ಸಣ್ಣ ಗುಂಡಿ. 60ರಿಂದ 100 ಪಟ್ಟು ಹಿಗ್ಗಿಸಿದರೆ ಕಾಣುತ್ತದೆ. ಕೂದಲನ್ನಲ್ಲ, ಕುಳಿಗಳನ್ನು ಎಣಿಸಿ. ಎಡ ಬದಿ, ಬಲ ಬದಿ ಎರಡನ್ನೂ ಎಣಿಸಿ ಬೇರೆಬೇರೆಯಾಗಿ ಬರೆಯಿರಿ. ಒಂದೇ ನೊಣದಲ್ಲೂ ಎರಡು ಬದಿ ಹೊಂದದೆ ಇರುವುದು ಉಂಟು. ಮೆಡಿಟೆರಾ ಕುಲದಲ್ಲಾದರೆ ಎದೆಯ ಹಿಂಭಾಗ ತಟ್ಟೆಯಂತೆ ಚಪ್ಪಟೆಯಾಗಿದೆಯೇ ಎಂದೂ ಗಮನಿಸಿ.

ಕಾಲುಗಳ ವಿವರಣೆ ಯಾಕೆ ಅಷ್ಟು ಉದ್ದ ಇರುತ್ತದೆ?

ಗಂಡು ಹೆಣ್ಣನ್ನು ಒಲಿಸಲು ಬಳಸುವ ಅಲಂಕಾರ ಹೆಚ್ಚಾಗಿ ಕಾಲಲ್ಲೇ ಇರುವುದರಿಂದ. ಹತ್ತಿರದ ಎರಡು ಪ್ರಭೇದಗಳು ಉಳಿದೆಲ್ಲದರಲ್ಲೂ ಒಂದೇ ಥರ ಇದ್ದು, ಗಂಡಿನ ಒಂದು ಪಾದದ ಗೆಣ್ಣಿನಲ್ಲಿ ಮಾತ್ರ ಬೇರೆಯಾಗಿರಬಹುದು. ಡೋಲಿಕೋಪಸ್ ಪ್ಲೂಮಿಪಿಸ್ ಪ್ರಭೇದದ ಗಂಡಿನ ನಡುಗಾಲಿನ ಪಾದದ ಮೊದಲ ಗೆಣ್ಣು ಗರಿಯಂತೆ ಕೂದಲು ತುಂಬಿಕೊಂಡಿರುತ್ತದೆ, ಹೆಣ್ಣಿನಲ್ಲಿ ಅದೇ ಗೆಣ್ಣು ಸಾದಾ. ಡಯಾಫೋರಸ್ ಗಂಡುಗಳಲ್ಲಿ ಉಗುರಿನ ಕೆಳಗಿನ ಮೆತ್ತೆಗಳು ದೊಡ್ಡದಾಗಿರುತ್ತವೆ. ಹವಾಯಿ ದ್ವೀಪಗಳಲ್ಲಿ ಹೇರಳವಾಗಿ ಕವಲೊಡೆದಿರುವ ಕ್ಯಾಂಪ್‌ಸಿಕ್ನೆಮಸ್ ಕುಲದಲ್ಲಿ ಗಂಡಿನ ನಡುಗಾಲಿನ ಕಣಕಾಲು ಬಾಗಿ, ಉಬ್ಬಿ, ಮುಳ್ಳು ತಳೆದು ನಾನಾ ಆಕಾರಕ್ಕೆ ತಿರುಗಿದೆ.

ಪ್ರತಿ ಕಾಲನ್ನೂ ಬುಡದಿಂದ ತುದಿಗೆ ವಿವರಿಸಬೇಕು: ಕಾಕ್ಸ, ಟ್ರೊಕ್ಯಾಂಟರ್, ತೊಡೆ, ಕಣಕಾಲು, ಐದು ಗೆಣ್ಣಿನ ಪಾದ. ಮುಳ್ಳುಕೂದಲಿನ ಜಾಗ ಹೇಳುವಾಗ ಕಾಲು ಮೈಯಿಂದ ನೇರ ಪಕ್ಕಕ್ಕೆ ಚಾಚಿದೆ ಎಂದು ಭಾವಿಸಿಕೊಂಡು ಮುಂದೆ, ಹಿಂದೆ, ಮೇಲೆ, ಕೆಳಗೆ ಎಂದು ದಿಕ್ಕು ಹೇಳುತ್ತಾರೆ. ಮುಂದಿನ-ಮೇಲಿನ ಸಾಲು, ಹಿಂದಿನ-ಮೇಲಿನ ಸಾಲು ಹೀಗೆ. ಒಣಗಿದ ಮಾದರಿಯಲ್ಲಿ ಕಾಲು ತಿರುಚಿಕೊಂಡಿರುತ್ತದೆ, ಆಗ ಮುಂದಿನದು ಹಿಂದಿನದಾಗಿ ಕಾಣುತ್ತದೆ. ಮಂಡಿ ಮಡಚುವ ದಿಕ್ಕನ್ನು ಮೊದಲು ಹುಡುಕಿ, ಅದು ಕೆಳಬದಿ. ಉಳಿದ ದಿಕ್ಕುಗಳು ತಾವೇ ಸಿಗುತ್ತವೆ.

ಎರಡು ಕೂದಲುಗಳನ್ನು ಬಿಡಲೇಬಾರದು. ಒಂದು ಹಿಂಗಾಲಿನ ಕಾಕ್ಸದ ಹೊರಮೈಯಲ್ಲಿರುವುದು, ಅದು ಬುಡಕ್ಕೆ ಹತ್ತಿರವೋ ನಡುವೆಯೋ ನೋಡಿ. ಇನ್ನೊಂದು ನಡುಗಾಲು ಮತ್ತು ಹಿಂಗಾಲಿನ ತೊಡೆಯ ತುದಿಗೆ ಸ್ವಲ್ಪ ಮೊದಲು ನಿಂತಿರುವುದು. ಹಿಂಗಾಲಿನ ಪಾದದ ಮೊದಲ ಗೆಣ್ಣಿನ ಮೇಲ್ಬದಿಯಲ್ಲಿ ಬಲವಾದ ಮುಳ್ಳುಕೂದಲುಗಳಿದ್ದರೆ ಡೋಲಿಕೋಪಸ್ ಕಡೆಗೆ ಯೋಚಿಸಿ. ಆ ಕುಲವೊಂದರಲ್ಲೇ 600ಕ್ಕೂ ಹೆಚ್ಚು ಪ್ರಭೇದಗಳಿವೆ.

ಅಳತೆಗಳನ್ನು ಎಲ್ಲಿಂದ ಎಲ್ಲಿಗೆ ತೆಗೆಯಬೇಕು?

ಗಂಡಿನ ಮೈಯುದ್ದವನ್ನು ಕುಡಿಮೀಸೆಯ ಬುಡದಿಂದ ಹೊಟ್ಟೆಯ ತುದಿಯವರೆಗೆ ಅಳೆಯುತ್ತಾರೆ. ಕೆಲವರು ಆರನೇ ಖಂಡಕ್ಕೆ ನಿಲ್ಲಿಸುತ್ತಾರೆ, ಕೆಲವರು ಜನನಾಂಗ ಕವಚದ ತುದಿಯನ್ನೂ ಸೇರಿಸುತ್ತಾರೆ. ನೀವು ಯಾವುದನ್ನು ಅನುಸರಿಸಿದ್ದೀರಿ ಎಂದು ಬರೆಯದಿದ್ದರೆ ಆ ಸಂಖ್ಯೆ ಮುಂದಿನವರಿಗೆ ಕೆಲಸಕ್ಕೆ ಬಾರದು. ಕಾಲಿನ ಪ್ರತಿ ತುಂಡಿನ ಉದ್ದವನ್ನೂ ಬೇರೆಬೇರೆ ಅಳೆದು ಸಾಲಾಗಿ ಕೊಡಬೇಕು: ತೊಡೆ, ಕಣಕಾಲು, ಪಾದದ 1, 2, 3, 4, 5ನೇ ಗೆಣ್ಣು.

ಕಣ್ಣುಗಾಜಿನ ಮೈಕ್ರೊಮೀಟರನ್ನು 0.01 ಮಿಲಿಮೀಟರ್ ಗೆರೆಗಳ ಸ್ಲೈಡ್ ಅಳತೆಪಟ್ಟಿಯೊಂದಿಗೆ ಪ್ರತಿಯೊಂದು ಹಿಗ್ಗಿಕೆಗೂ ಹೊಂದಿಸಿಕೊಳ್ಳಿ. ಜೂಮ್ ಗುಬಟವನ್ನು ತಿರುಗಿಸಿದ ಮೇಲೆ ಹಳೆಯ ಹೊಂದಾಣಿಕೆಯಲ್ಲೇ ಅಳೆಯುವುದು ಸಾಮಾನ್ಯ ತಪ್ಪು. ಇನ್ನೊಂದು ತಪ್ಪು, ಓರೆಯಾಗಿ ನಿಂತ ಕಾಲನ್ನು ಅಳೆಯುವುದು. ತುಂಡಿನ ಎರಡೂ ತುದಿ ಒಂದೇ ಫೋಕಸ್‌ನಲ್ಲಿ ಸ್ಪಷ್ಟವಾಗಿ ಕಂಡರೆ ಮಾತ್ರ ಅದು ಸಮತಲದಲ್ಲಿದೆ ಎಂದರ್ಥ. ಓರೆಯಿದ್ದರೆ ಅಳತೆ ಯಾವಾಗಲೂ ಕಡಿಮೆಯೇ ಬರುತ್ತದೆ.

ರೆಕ್ಕೆಯಲ್ಲಿ ಪ್ರಭೇದದ ಮಟ್ಟದ ಗುರುತುಗಳು ಯಾವುವು?

ಮೀಡಿಯಲ್ ನಾಳದ ತುದಿಭಾಗ ನೇರವೋ, ಬಾಗಿದೆಯೋ, ಕವಲೊಡೆದಿದೆಯೋ ನೋಡಿ. ಕಾಂಡೈಲೋಸ್ಟೈಲಸ್ ಮತ್ತು ಅದರ ಬಂಧುಗಳಲ್ಲಿ ಅದು ಸ್ಪಷ್ಟವಾಗಿ ಕವಲಾಗುತ್ತದೆ. ಅಸಿಂಡೆಟಸ್ ಕುಲದಲ್ಲಿ ನಡುವೆ ಕಡಿದುಹೋದಂತೆ ಕಾಣುತ್ತದೆ. ಹಿಂದಿನ ಅಡ್ಡನಾಳದ ಉದ್ದವನ್ನು, ಅದರಾಚೆ ರೆಕ್ಕೆಯ ಅಂಚಿನ ಕಡೆಗೆ ಉಳಿದ ಕ್ಯುಬಿಟಲ್ ನಾಳದ ತುಂಡಿನಿಂದ ಭಾಗಿಸಿ. ಅಡ್ಡನಾಳ 0.20 ಮಿಲಿಮೀಟರ್, ಉಳಿದ ತುಂಡು 0.25 ಇದ್ದರೆ ಅನುಪಾತ 0.8. ರೆಕ್ಕೆ ದೊಡ್ಡದಿದ್ದರೂ ಸಣ್ಣದಿದ್ದರೂ ಈ ಅನುಪಾತ ಹೆಚ್ಚು ಅಲುಗುವುದಿಲ್ಲ, ಆದ್ದರಿಂದಲೇ ಇದಕ್ಕೆ ಬೆಲೆ.

ಕಲೆಗಳು ಗಂಡಿಗೆ ಮಾತ್ರ ಸೀಮಿತವಾಗಿರಬಹುದು. ಯುರೋಪಿನ ಪೊಯ್ಸಿಲೊಬೊತ್ರಸ್ ನೊಬಿಲಿಟೇಟಸ್ ಗಂಡಿನ ರೆಕ್ಕೆಯ ತುದಿ ಬಿಳಿ, ಅದರ ಹಿಂದೆ ಕಪ್ಪು ನೆರಳು. ಹೆಣ್ಣಿನ ಮುಂದೆ ಅದನ್ನು ಬೀಸಿ ತೋರಿಸುತ್ತದೆ.

ಗಂಡಿನ ಹೊಟ್ಟೆಯ ತುದಿಗೆ ಇಷ್ಟೊಂದು ಮಹತ್ವ ಯಾಕೆ?

ಪ್ರಭೇದವನ್ನು ತೀರ್ಮಾನಿಸುವ ಅಂಗ ಅದೇ. ಹೊರಗೆ ಅವಳಿಗಳಂತೆ ಕಾಣುವ ನೊಣಗಳಲ್ಲೂ ಜನನಾಂಗ ಕವಚದ ಆಕಾರ ಬೇರೆಯಿರುತ್ತದೆ, ಒಂದೇ ಪ್ರಭೇದದೊಳಗೆ ಅದು ಬಹಳ ಸ್ಥಿರ.

ಹೈಪೋಪೈಜಿಯಂ ಎಂಬ ಈ ಕವಚ 180 ಡಿಗ್ರಿ ತಿರುಗಿ, ಮಡಚಿಕೊಂಡು ಹೊಟ್ಟೆಯ ಕೆಳಗೆ ಮುಂದಕ್ಕೆ ಬಂದು ಕೂತಿರುತ್ತದೆ. ಹೊಟ್ಟೆಯೊಡನೆ ಅದನ್ನು ಸೇರಿಸುವ ರಂಧ್ರ ಎಡ ಬದಿಯಲ್ಲಿದೆ, ಎಂಟನೇ ಖಂಡದ ತಟ್ಟೆ ಮುಚ್ಚಳದಂತೆ ಅದನ್ನು ಮುಚ್ಚುತ್ತದೆ. ಚಿತ್ರಗಳನ್ನು ಸಾಮಾನ್ಯವಾಗಿ ಎಡಗಡೆಯಿಂದ ಬರೆಯುವ ರೂಢಿ ಇದೆ, ನೀವೂ ಅದನ್ನೇ ಪಾಲಿಸಿದರೆ ಹೋಲಿಕೆ ಸುಲಭ.

ಇಷ್ಟೆಲ್ಲ ತಿರುವಿನಿಂದ ಯಾವುದು ಬೆನ್ನು, ಯಾವುದು ಹೊಟ್ಟೆ ಎಂಬುದೇ ಗೊಂದಲವಾಗುತ್ತದೆ. ಸರ್ಸೈ ಎಂಬ ಒಂದು ಜೊತೆ ಹಾಳೆಗಳನ್ನು ಹುಡುಕಿ. ಅವು ಇರುವ ಬದಿ ಅಂಗರಚನೆಯ ಪ್ರಕಾರ ಬೆನ್ನಿನ ಬದಿ, ಈಗ ಯಾವ ಕಡೆಗೆ ತಿರುಗಿದ್ದರೂ ಸರಿ. ಡೋಲಿಕೋಪಸ್‌ನಲ್ಲಿ ಅವು ಅಗಲವಾಗಿ, ಬಿಳಿಚಿಕೊಂಡು, ಹೆಚ್ಚಾಗಿ ಕಪ್ಪು ಅಂಚು ಮತ್ತು ಬಾಗಿದ ಕೂದಲಂಚಿನಿಂದ ಕೂಡಿರುತ್ತವೆ. ದೊಡ್ಡ ಬಟ್ಟಲಿನಂಥದು ಎಪಾಂಡ್ರಿಯಂ, ಅದರ ತುದಿಯಲ್ಲಿ ಬೆರಳುಗಳಂತೆ ಚಾಚುವವು ಸರ್‌ಸ್ಟೈಲಸ್‌ಗಳು. ಎದುರು ಬದಿಯಲ್ಲಿ ಹೈಪಾಂಡ್ರಿಯಂ, ಅದರ ಆಸರೆಯಲ್ಲಿ ತೆಳುವಾದ ಫ್ಯಾಲಸ್. ಸರ್‌ಸ್ಟೈಲಸ್‌ನ ಪ್ರತಿ ಕೂದಲೂ ಎಲ್ಲಿ ನಿಂತಿದೆ, ಮೊಂಡೋ ಚೂಪೋ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಆ ಭಾಗವನ್ನು ಬಿಡಿಸಿ ನೋಡುವುದು ಹೇಗೆ?

ಡಿಎನ್‌ಎ ಬೇಕಿದ್ದರೆ ಮೊದಲೇ ಒಂದು ಕಾಲನ್ನು ತೆಗೆದಿಡಿ, ಮುಂದೆ ಹೇಳುವ ಕ್ಷಾರದಲ್ಲಿ ಹಾಕಿದ ಭಾಗದಿಂದ ಅದು ಮತ್ತೆ ಸಿಗದು. ಕಾಲು ತೆಗೆಯುವುದಾದರೆ ಯಾವಾಗಲೂ ಬಲಗಡೆಯಿಂದ ತೆಗೆಯಿರಿ, ಎಡ ಬದಿ ಪೂರ್ತಿ ಉಳಿಯಲಿ. ಅಲಂಕಾರವಿರುವ ಕಾಲನ್ನು ಮುಟ್ಟಬೇಡಿ.

ಒಣಗಿದ ಮಾದರಿಯಾದರೆ ಮುಚ್ಚಿದ ಡಬ್ಬಿಯಲ್ಲಿ ಒದ್ದೆ ಕಾಗದದ ಜೊತೆ ಒಂದು ರಾತ್ರಿ ಇಟ್ಟು ಮೆತ್ತಗಾಗಿಸಿ. ಸಣ್ಣ ಕತ್ತರಿಯಿಂದ ಹೊಟ್ಟೆಯ ಕೊನೆಯ ಭಾಗವನ್ನು ಐದನೇ ಖಂಡದ ಹತ್ತಿರ ಕತ್ತರಿಸಿ, 10% ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರದ ದ್ರಾವಣಕ್ಕೆ ಹಾಕಿ. ಬಿಸಿನೀರಿನ ತಟ್ಟೆಯಲ್ಲಿಟ್ಟರೆ 5ರಿಂದ 10 ನಿಮಿಷ ಸಾಕು, ಕೋಣೆಯ ಉಷ್ಣಾಂಶದಲ್ಲಾದರೆ ಒಂದು ರಾತ್ರಿ. ಬಿಸಿ ಮಾಡುವ ದಾರಿಯಲ್ಲಿ ಎರಡೆರಡು ನಿಮಿಷಕ್ಕೊಮ್ಮೆ ತೆಗೆದು ನೋಡಲೇಬೇಕು. ಒಳಗಿನ ಮಾಂಸ ಕರಗಿ ಗಟ್ಟಿ ಭಾಗ ಕಂದುಬಣ್ಣದಲ್ಲಿ ಪಾರದರ್ಶಕವಾದಾಗ ನಿಲ್ಲಿಸಿ. ಹೊತ್ತು ಮೀರಿದರೆ ಹಾಳೆಗಳು ಬಣ್ಣ ಕಳೆದುಕೊಂಡು ಗಾಜಿನಂತಾಗುತ್ತವೆ, ಕೂದಲು ಉದುರುತ್ತದೆ, ಅಂಚೇ ಕಾಣದಂತಾಗುತ್ತದೆ. ಆ ತಪ್ಪಿಗೆ ಪರಿಹಾರವಿಲ್ಲ. ಈ ದ್ರಾವಣ ಚರ್ಮ, ಕಣ್ಣನ್ನು ಸುಡುತ್ತದೆ, ಕೈಗವಸು ಮತ್ತು ಕನ್ನಡಕ ಹಾಕಿಕೊಳ್ಳಿ.

ಆಮೇಲೆ ನೀರಿನಲ್ಲಿ ತೊಳೆದು, ತೆಳುವಾದ ಅಸಿಟಿಕ್ ಆಮ್ಲದಲ್ಲಿ ಕೆಲವು ನಿಮಿಷ ಇಟ್ಟು ಕ್ಷಾರವನ್ನು ಅಳಿಸಿ, ಮತ್ತೆ ನೀರು, ಕೊನೆಗೆ ಗ್ಲಿಸರಿನ್. ಕುಳಿಯಿರುವ ಸ್ಲೈಡಿನಲ್ಲಿ ಸೂಜಿಯ ತುದಿಯಿಂದ ಹೊರಳಿಸುತ್ತ ಎಡಗಡೆ, ಬೆನ್ನಿನ ಕಡೆ, ಹೊಟ್ಟೆಯ ಕಡೆ ಮೂರೂ ನೋಟ ಬರೆದುಕೊಳ್ಳಿ. ಕವರ್ ಗಾಜಿನಿಂದ ಒತ್ತಬೇಡಿ. ಒತ್ತಿದರೆ ಸರ್ಸೈ ಹರಡಿಕೊಂಡು ಇಲ್ಲದ ಆಕಾರ ತಳೆಯುತ್ತವೆ, ಹಾಗೆ ಒತ್ತಿ ಬರೆದ ಚಿತ್ರಗಳಿಂದ ಎಷ್ಟೋ ಗೊಂದಲ ಹುಟ್ಟುತ್ತದೆ. ಕೆಲಸ ಮುಗಿದ ಮೇಲೆ ಗ್ಲಿಸರಿನ್ ಇರುವ ಪುಟ್ಟ ಕೊಳವೆಯಲ್ಲಿ ಹಾಕಿ, ಅದೇ ಮಾದರಿಯ ಪಿನ್ನಿಗೇ ಚುಚ್ಚಿ ಇಡಿ. ಬೇರೆ ಡಬ್ಬಿಯಲ್ಲಿಟ್ಟ ಜನನಾಂಗ ಒಂದಲ್ಲ ಒಂದು ದಿನ ತನ್ನ ನೊಣದಿಂದ ಅಗಲುತ್ತದೆ.

ಆಲ್ಕೋಹಾಲಿನಲ್ಲಿದ್ದ ಮಾದರಿಯನ್ನು ಹಾಗೇ ಒಣಗಿಸಬಹುದೇ?

ಬೇಡ. ದ್ರವ ಆರುವಾಗ ಅದರ ಎಳೆತಕ್ಕೆ ಕಣ್ಣುಗಳು, ಮುಖ ಒಳಗೆ ಕುಸಿಯುತ್ತವೆ, ಮುಖದ ಅಗಲ ಅಳೆಯುವಂತಿರುವುದಿಲ್ಲ. ಪೂರ್ಣ ಶುದ್ಧ ಆಲ್ಕೋಹಾಲಿಗೆ ಹಂತಹಂತವಾಗಿ ಏರಿಸಿ, ಹೆಕ್ಸಾಮೀಥೈಲ್‌ಡೈಸಿಲಜೇನ್ ಎಂಬ ಬೇಗ ಆರುವ ದ್ರವದಲ್ಲಿ ಅದ್ದಿ, ಗಾಳಿಯನ್ನು ಹೊರಗೆಳೆಯುವ ಕಪಾಟಿನೊಳಗೆ ಆರಲು ಬಿಡಿ. ಸೌಲಭ್ಯವಿದ್ದರೆ, ದ್ರವದ ಎಳೆತವಿಲ್ಲದೆ ಒಣಗಿಸುವ ಕ್ರಿಟಿಕಲ್ ಪಾಯಿಂಟ್ ಡ್ರೈಯರ್ ಯಂತ್ರ ಇನ್ನೂ ಒಳ್ಳೆಯದು. ಒಣಗಿದ ನೊಣದ ಎದೆಗೆ ಪಿನ್ ಚುಚ್ಚದೆ, ಪಿನ್ನಿಗೆ ಸಿಕ್ಕಿಸಿದ ತ್ರಿಕೋನದ ಕಾಗದದ ತುದಿಗೆ ಎದೆಯ ಬಲ ಬದಿಯನ್ನು ತೀರಾ ಸ್ವಲ್ಪ ಅಂಟಿನಿಂದ ಅಂಟಿಸಿ.

ಹೆಣ್ಣು ಮಾತ್ರ ಸಿಕ್ಕಿದೆ. ವಿವರಿಸಬಹುದೇ?

ನಮ್ಮ ಸಲಹೆ: ಕಾಯಿರಿ. ಈ ಕುಟುಂಬದ ಹೆಚ್ಚಿನ ಕೀಲಿಗಳು (ಲಕ್ಷಣ ನೋಡುತ್ತ ಪ್ರಭೇದ ಗುರುತಿಸುವ ಪಟ್ಟಿಗಳು) ಗಂಡಿನ ಲಕ್ಷಣಗಳ ಮೇಲೆ ನಿಂತಿವೆ, ಹೆಣ್ಣನ್ನು ಹೋಲಿಸಲು ಏನೂ ಸಿಗದು. ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಎಷ್ಟೋ ಕುಲಗಳಲ್ಲಿ ಮಣ್ಣು ಬಗೆಯಲು ಗಟ್ಟಿಮುಳ್ಳುಗಳ ಎರಡು ತಟ್ಟೆಗಳಿರುತ್ತವೆ, ಒಳಗೆ ವೀರ್ಯ ಕೂಡಿಡುವ ಚೀಲ ಒಂದೇ. ಗಂಡು ಸಿಕ್ಕಮೇಲೆ ಜೊತೆಗೂಡಿಸಲು ಎದೆಯ ಕೂದಲಿನ ಎಣಿಕೆ, ಕಾಲಿನ ಬಣ್ಣ, ರೆಕ್ಕೆಯ ಅನುಪಾತ ನೆರವಾಗುತ್ತವೆ. ಒಂದೇ ಜಾಗದಲ್ಲಿ ಸಿಕ್ಕಿತು ಎಂಬುದೊಂದೇ ಆಧಾರವಾಗಬಾರದು.

ಮರಿಹುಳು ಹೇಗಿರುತ್ತದೆ?

ಬಿಳಿ, ಉರುಳೆಯಾಕಾರ, ಹೊಟ್ಟೆಯಡಿಯಲ್ಲಿ ತೆವಳಲು ಉಬ್ಬುಗಳು. ಉಸಿರಾಟದ ರಂಧ್ರಗಳು ಎದೆಯಲ್ಲಿ ಒಂದು ಜೊತೆ, ಹಿಂತುದಿಯಲ್ಲಿ ಒಂದು ಜೊತೆ. ಪ್ಯೂಪಾದ ಎದೆಯ ಮೇಲೆ ಉದ್ದನೆಯ ಎರಡು ಉಸಿರಾಟದ ಕೊಂಬುಗಳಿರುತ್ತವೆ. ಮೆಡಿಟೆರಾ ಮರಿಗಳು ತೊಗಟೆಯಡಿ ತೊಗಟೆ ದುಂಬಿಗಳ ಮರಿಗಳನ್ನು ತಿನ್ನುತ್ತವೆ. ತ್ರಿಪ್ಟಿಕಸ್ ಮರಿಗಳು ಗಿಡದ ಕಾಂಡ ಕೊರೆದು ಬದುಕುತ್ತವೆ, ಬೇಟೆಗಾರರ ಈ ಕುಟುಂಬದಲ್ಲಿ ಅಪರೂಪದ ದಾರಿ ಅದು.

ಡಿಎನ್‌ಎ ನೋಡಿದರೆ ದೇಹರಚನೆಯ ಈ ಕೆಲಸ ತಪ್ಪುತ್ತದೆಯೇ?

ತಪ್ಪುವುದಿಲ್ಲ. ಸಿಒಐ ಜೀನಿನ 658 ಅಕ್ಷರಗಳ ಬಾರ್‌ಕೋಡ್ (ಪ್ರಭೇದ ಗುರುತಿಸಲು ಓದುವ ಡಿಎನ್‌ಎ ತುಂಡು) ಗಂಡು-ಹೆಣ್ಣನ್ನು, ಮರಿ-ನೊಣವನ್ನು ಜೊತೆಗೂಡಿಸಲು ಅತ್ಯುತ್ತಮ. ಆದರೆ ಹಳೆಯ ಹೋಲೋಟೈಪ್‌ಗಳಲ್ಲಿ (ಪ್ರಭೇದದ ಹೆಸರಿಗೆ ಆಧಾರವಾದ ಒಂದೊಂದೇ ಮಾದರಿಗಳಲ್ಲಿ) ಹೆಚ್ಚಿನವುಗಳ ಬಾರ್‌ಕೋಡ್ ಇಲ್ಲ. ಅವುಗಳ ಜೊತೆ ಹೋಲಿಸಲು ಇರುವುದು ಕೂದಲು, ನಾಳ, ಜನನಾಂಗ ಮಾತ್ರ.

ಎಷ್ಟು ಮಾದರಿ ಬೇಕು? ನಿಯಮ ಏನು ಕೇಳುತ್ತದೆ?

ಒಂದೇ ಮಾದರಿಯಿಂದಲೂ ಹೆಸರಿಡಲು ನಿಯಮದ ಅಡ್ಡಿಯಿಲ್ಲ. ಆದರೆ ಯಾವ ವ್ಯತ್ಯಾಸ ಪ್ರಭೇದದ್ದು, ಯಾವುದು ಆ ಒಂದು ನೊಣದ್ದು ಎಂದು ತಿಳಿಯಲು ಐದಾರು ಗಂಡುಗಳಾದರೂ ಇರಬೇಕು ಎನ್ನುವುದು ನಮ್ಮ ಅಭಿಪ್ರಾಯ. ಪ್ರಾಣಿಗಳ ಹೆಸರಿನ ಅಂತರರಾಷ್ಟ್ರೀಯ ಸಂಹಿತೆಯ ನಾಲ್ಕನೇ ಆವೃತ್ತಿ 2000ದ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹೋಲೋಟೈಪ್ ಯಾವುದೆಂದು ಸ್ಪಷ್ಟವಾಗಿ ಹೇಳಬೇಕು, ಯಾವ ಸಂಗ್ರಹದಲ್ಲಿ ಇಡಲಾಗಿದೆ ಅಥವಾ ಇಡಲಾಗುವುದು ಎಂದು ಬರೆಯಬೇಕು, ಬೇರೆ ಪ್ರಭೇದಗಳಿಂದ ಬೇರ್ಪಡಿಸುವ ಲಕ್ಷಣಗಳನ್ನು ಮಾತಿನಲ್ಲಿ ವಿವರಿಸಬೇಕು. ವಿದ್ಯುನ್ಮಾನ ರೂಪದಲ್ಲಿ ಮಾತ್ರ ಪ್ರಕಟವಾಗುವ ಬರಹವಾದರೆ ಮೊದಲೇ ಪ್ರಾಣಿಗಳ ಹೆಸರುಗಳ ಅಧಿಕೃತ ನೋಂದಣಿಯಾದ ಜೂಬ್ಯಾಂಕ್‌ನಲ್ಲಿ ನೋಂದಾಯಿಸಿ, ಆ ನೋಂದಣಿಯ ಗುರುತನ್ನು ಬರಹದೊಳಗೇ ಕೊಡಬೇಕು.

ಒಳ್ಳೆಯ ಫೋಟೊ ಇದ್ದರೆ ರೇಖಾಚಿತ್ರ ಬೇಕೇ?

ಇಡೀ ಮೈಗೆ ಫೋಟೊ, ಜನನಾಂಗಕ್ಕೆ ರೇಖಾಚಿತ್ರ. ಹೊಳೆಯುವ ಮೈ ಫೋಟೊದಲ್ಲಿ ಬಿಳಿ ಮಚ್ಚೆಗಳಾಗಿ ಸುಟ್ಟುಹೋಗುತ್ತದೆ. ಮಾದರಿಯ ಸುತ್ತ ಟ್ರೇಸಿಂಗ್ ಕಾಗದದ ಕೊಳವೆ ನಿಲ್ಲಿಸಿ ಬೆಳಕನ್ನು ಅದರ ಹೊರಗಿನಿಂದ ಬಿಟ್ಟರೆ ಹೊಳಪು ಹದಕ್ಕೆ ಬರುತ್ತದೆ. ಬೇರೆಬೇರೆ ಫೋಕಸ್‌ನಲ್ಲಿ ತೆಗೆದ ಚಿತ್ರಗಳನ್ನು ಒಂದಾಗಿಸಿದಾಗ ಒಂದರ ಹಿಂದೊಂದು ಇರುವ ಕೂದಲುಗಳು ಬೆರೆತು, ಇಲ್ಲದ ಕೂದಲು ಹುಟ್ಟಿಕೊಳ್ಳುವುದುಂಟು, ಇರುವುದು ಅಳಿಸಿಹೋಗುವುದೂ ಉಂಟು. ಗ್ಲಿಸರಿನ್‌ನಲ್ಲಿ ತೇಲುವ ಪಾರದರ್ಶಕ ಭಾಗಗಳಲ್ಲಿ ಇದು ಇನ್ನೂ ಹೆಚ್ಚು. ಚಿತ್ರ ಬರೆಯುವವರು ಫೋಕಸ್ ಮೇಲೆ ಕೆಳಗೆ ಮಾಡುತ್ತ ಪ್ರತಿ ಕೂದಲನ್ನೂ ಅದರ ಬುಡದ ತನಕ ಹಿಂಬಾಲಿಸುತ್ತಾರೆ. ಚಿತ್ರದ ಪಕ್ಕ ಅಳತೆಗೆರೆಯನ್ನು ಅದೇ ಹಿಗ್ಗಿಕೆಯಲ್ಲಿ, ಅದೇ ಕೂತಲ್ಲಿ ಬರೆದುಬಿಡಿ.